ಪ್ರೋಟೀನ್ ತಿಂದ್ರೆ ತೂಕ ಇಳಿಯುತ್ತಾ? ಬಸ್ಸಾರಿನ ಕಾಳು ಹೇಳುವ ಲೆಕ್ಕ

ಅಣ್ಣನ ಮಗ ನಮ್ಮ ಮನೆಯಲ್ಲೇ ಇದ್ದುಕೊಂಡು ಮೈಸೂರಿನ ಕಾಲೇಜಿಗೆ ಹೋಗುತ್ತಾನೆ. ನಾಲ್ಕು ತಿಂಗಳ ಹಿಂದೆ ಜಿಮ್ ಸೇರಿದ. ಅವನ ಹಿಂದೆಯೇ ನಮ್ಮ ಅಡುಗೆಮನೆಗೆ ಎರಡು ಕೆಜಿಯ ಪ್ರೋಟೀನ್ ಪುಡಿ ಡಬ್ಬವೂ ಬಂತು. ಹೊಟ್ಟೆ ಕರಗಿಸಬೇಕು ಅನ್ನೋದು ಅವನ ಆಸೆ. ದಿನಾ ಬೆಳಿಗ್ಗೆ ಅರ್ಧ ಲೀಟರ್ ಹಾಲು, ಎರಡು ಬಾಳೆಹಣ್ಣು, ಒಂದು ಸ್ಕೂಪ್ ಪುಡಿ ಮಿಕ್ಸಿಗೆ ಹಾಕಿ ಕುಡಿಯುತ್ತಿದ್ದ. ಆಮೇಲೆ ಎಂದಿನ ತಿಂಡಿ, ಎಂದಿನ ಊಟ. ಕಳೆದ ವಾರ ಮುಖ ಸಪ್ಪೆ ಮಾಡಿಕೊಂಡು ಬಂದ. "ಅತ್ತೆ, ಪ್ರೋಟೀನ್ ತಗೊಂಡ್ರೆ ತೂಕ ಇಳಿಯುತ್ತೆ ಅಂದ್ರು. ನಂಗೆ ಎರಡು ಕೆಜಿ ಏರಿದೆ."

ಅದೇ ವಾರ ಮಳವಳ್ಳಿ ಕಡೆಯ ನಮ್ಮೂರಿಂದ ಅವ್ವ ಫೋನ್ ಮಾಡಿದ್ದಳು. ಅವಳಿಗೆ 68 ವರ್ಷ. ಸಕ್ಕರೆ ಕಾಯಿಲೆ ಬಂದುಬಿಟ್ಟೀತು ಅಂತ ಹೆದರಿ ರಾತ್ರಿ ಊಟವನ್ನೇ ಬಿಟ್ಟಿದ್ದಾಳೆ. ಆರು ತಿಂಗಳಲ್ಲಿ ಐದು ಕೆಜಿ ಇಳಿದಿದ್ದಾಳೆ. ಅಕ್ಕಪಕ್ಕದವರು ತೆಳ್ಳಗಾದೆ ಅಂತ ಮೆಚ್ಚುತ್ತಾರಂತೆ. "ಆದ್ರೆ ಮಗಾ, ಚಾಪೆ ಮೇಲಿಂದ ಏಳಕ್ಕೆ ಗೋಡೆ ಹಿಡ್ಕೋಬೇಕು ಈಗ" ಅಂದಳು.

ಒಬ್ಬನಿಗೆ ತೂಕ ಏರಿದ ಚಿಂತೆ. ಇನ್ನೊಬ್ಬಳಿಗೆ ಇಳಿದ ಸಮಾಧಾನ. ನನಗೆ ಮಾತ್ರ ಅವ್ವನ ಇಳಿದ ಐದು ಕೆಜಿಯೇ ಹೆಚ್ಚು ಭಯ ಹುಟ್ಟಿಸಿತು. ಯಾಕೆ ಅಂತ ಹೇಳಬೇಕಾದರೆ ಪ್ರೋಟೀನ್ ದೇಹದ ತೂಕದ ಜೊತೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನೋದನ್ನ ಬಿಡಿಸಿ ನೋಡಬೇಕು.

ಒಂದು ಗ್ರಾಂ ಪ್ರೋಟೀನ್‌ನಲ್ಲಿ ಸುಮಾರು 4 ಕ್ಯಾಲರಿ ಇದೆ. ಅಕ್ಕಿ, ರಾಗಿಯ ಪಿಷ್ಟದಲ್ಲೂ, ಸಕ್ಕರೆಯಲ್ಲೂ ಗ್ರಾಂಗೆ 4. ಎಣ್ಣೆ, ತುಪ್ಪದಲ್ಲಿ 9. ಅಂದರೆ ಪ್ರೋಟೀನ್ ಕೂಡ ಊಟವೇ, ಔಷಧಿಯಲ್ಲ. ಜಾಸ್ತಿ ತಿಂದರೆ ಅದೂ ಲೆಕ್ಕಕ್ಕೆ ಸೇರುತ್ತದೆ.

ಪ್ರೋಟೀನ್ ಅರಗಿಸೋಕೇ ದೇಹ ಕ್ಯಾಲರಿ ಸುಡುತ್ತದೆ, ಅದರಿಂದ ತೂಕ ಇಳಿಯುತ್ತದೆ ಅನ್ನುವ ಮಾತು ಜಿಮ್‌ಗಳಲ್ಲಿ ಓಡಾಡುತ್ತದೆ. ಮೊದಲರ್ಧ ನಿಜ. 100 ಕ್ಯಾಲರಿಯಷ್ಟು ಪ್ರೋಟೀನ್ ಒಳಗೆ ಹೋದರೆ ಅದನ್ನು ಒಡೆದು ಬಳಸೋಕೆ 20ರಿಂದ 30 ಕ್ಯಾಲರಿ ಖರ್ಚಾಗುತ್ತದೆ. ಪಿಷ್ಟಕ್ಕೆ 5ರಿಂದ 10, ಕೊಬ್ಬಿಗೆ ಹೆಚ್ಚೆಂದರೆ 3. ಈಗ ಲೆಕ್ಕ ಹಾಕೋಣ. ದಿನಕ್ಕೆ 30 ಗ್ರಾಂ ಪಿಷ್ಟ ಬಿಟ್ಟು ಅದರ ಜಾಗದಲ್ಲಿ 30 ಗ್ರಾಂ ಪ್ರೋಟೀನ್ ತಿಂದರೆ ಎರಡರಲ್ಲೂ 120 ಕ್ಯಾಲರಿ. ಅರಗಿಸುವ ಖರ್ಚಿನಲ್ಲಿ ಸಿಗುವ ಲಾಭ ಸುಮಾರು 20 ಕ್ಯಾಲರಿ. ಒಂದು ಸಣ್ಣ ಗ್ಲೂಕೋಸ್ ಬಿಸ್ಕತ್ತಿನಷ್ಟು. ಇಷ್ಟರಿಂದ ಯಾರ ಹೊಟ್ಟೆಯೂ ಕರಗುವುದಿಲ್ಲ.

ಪ್ರೋಟೀನ್‌ನ ದೊಡ್ಡ ಕೆಲಸ ಹಸಿವಿನಲ್ಲಿದೆ. ಊಟದಲ್ಲಿ ಅದು ಸಾಕಷ್ಟು ಇದ್ದರೆ ಸಾಕು ಅನ್ನಿಸುವ ಹಾರ್ಮೋನುಗಳು ಕರುಳಿನಿಂದ ಜಾಸ್ತಿ ಬರುತ್ತವೆ. ಹಸಿವು ಹುಟ್ಟಿಸುವ ಹಾರ್ಮೋನು ತಗ್ಗುತ್ತದೆ. ಮುಂದಿನ ಊಟದವರೆಗೆ ಹೊಟ್ಟೆ ಸುಮ್ಮನಿರುತ್ತದೆ.

ಇದನ್ನೇ ಇನ್ನೂ ಆಳಕ್ಕೆ ತೆಗೆದುಕೊಂಡು ಹೋದವರು ಸ್ಟೀಫನ್ ಸಿಂಪ್ಸನ್ ಮತ್ತು ಡೇವಿಡ್ ರಾಬೆನ್‌ಹೈಮರ್ ಅನ್ನುವ ವಿಜ್ಞಾನಿಗಳು. ಅವರು ಶುರು ಮಾಡಿದ್ದು ಮಿಡತೆಗಳಿಂದ. ಪ್ರೋಟೀನ್ ಕಡಿಮೆ ಇರುವ ಮೇವು ಕೊಟ್ಟರೆ ಮಿಡತೆ ತನಗೆ ಬೇಕಾದಷ್ಟು ಪ್ರೋಟೀನ್ ಸಿಗುವ ತನಕ ತಿನ್ನುತ್ತಲೇ ಇರುತ್ತದೆ. ಆ ದಾರಿಯಲ್ಲಿ ಬೇಡದ ಪಿಷ್ಟವೂ ಹೊಟ್ಟೆಗೆ ಹೋಗುತ್ತದೆ, ಮೈಗೆ ಕೊಬ್ಬು ಹತ್ತುತ್ತದೆ. ಮನುಷ್ಯರ ಬೊಜ್ಜಿನ ಹಿಂದೆಯೂ ಇಂಥದ್ದೇ ಎಳೆತ ಇರಬಹುದು ಅಂತ 2005ರಲ್ಲಿ ಇಬ್ಬರೂ ಬರೆದರು. 2011ರಲ್ಲಿ ಸಿಡ್ನಿಯಲ್ಲಿ 22 ಜನ ತೆಳ್ಳಗಿನವರ ಮೇಲೆ ಇದನ್ನು ಪರೀಕ್ಷಿಸಿದರು. ಒಂದೊಂದು ಸುತ್ತು ನಾಲ್ಕು ದಿನ. ನೋಡೋಕೆ, ರುಚಿಗೆ ಒಂದೇ ತರ ಇರುವ ತಿಂಡಿಗಳು, ಆದರೆ ಪ್ರೋಟೀನ್ ಪಾಲು ಬೇರೆ ಬೇರೆ. ಕ್ಯಾಲರಿಯ 15% ಪ್ರೋಟೀನ್‌ನಿಂದ ಬಂದಾಗ ತಿಂದದ್ದಕ್ಕಿಂತ, ಅದು 10% ಇದ್ದಾಗ ಜನ 12% ಜಾಸ್ತಿ ತಿಂದರು. ಆ ಜಾಸ್ತಿಯಲ್ಲಿ ದೊಡ್ಡ ಪಾಲು ಬಂದದ್ದು ಊಟದಿಂದಲ್ಲ. ನಡುವೆ ಬಾಯಾಡಿಸುವ ಖಾರದ, ಉಪ್ಪಿನ ತಿನಿಸಿನಿಂದ.

ಇದನ್ನು ಓದಿದಾಗ ನನಗೆ ನೆನಪಾದದ್ದು ಮೈಸೂರಿನ ಸಂಜೆ ಐದು ಗಂಟೆ. ಮಧ್ಯಾಹ್ನ ಹೊಟ್ಟೆ ತುಂಬ ಅನ್ನ, ತಿಳಿ ಸಾರು ಉಂಡಿರುತ್ತೇವೆ. ಆದರೂ ಆ ಹೊತ್ತಿಗೆ ಏನೋ ಖಾರ ಬೇಕು ಅನ್ನಿಸುತ್ತದೆ. ಚುರುಮುರಿ ಗಾಡಿ ಮುಂದೆ ನಿಲ್ಲುತ್ತೇವೆ, ಬಜ್ಜಿ ಕರಿಯುವ ವಾಸನೆಗೆ ಕಾಲು ನಿಲ್ಲುತ್ತದೆ. ಊರಿಗೆ ಹೋಗುವಾಗ ಮದ್ದೂರು ವಡೆ ಬಿಟ್ಟು ಮುಂದೆ ಹೋಗೋಕಾಗಲ್ಲ. ಇದನ್ನೆಲ್ಲ ನಾಲಿಗೆ ಚಪಲ ಅಂತ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಚಪಲವೂ ಇರಬಹುದು. ಆದರೆ ಆ ಹಸಿವಿನ ಒಂದು ಪಾಲು ಮಧ್ಯಾಹ್ನದ ತಟ್ಟೆಯಲ್ಲಿ ಇಲ್ಲದೇ ಹೋದ ಕಾಳಿನದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅದೇ ಸಿಡ್ನಿ ಪರೀಕ್ಷೆಯಲ್ಲಿ ಇನ್ನೊಂದು ವಿಷಯವೂ ಕಂಡಿತು. ಪ್ರೋಟೀನ್ ಪಾಲನ್ನು 15ರಿಂದ 25%ಗೆ ಏರಿಸಿದಾಗ ಜನ ತಿನ್ನೋದು ಕಡಿಮೆಯಾಗಲಿಲ್ಲ. ಅಂದರೆ ಕೊರತೆ ತುಂಬಿದರೆ ಲಾಭ ಇದೆ. ತುಂಬಿದ ಮೇಲೆ ಸುರಿಯುತ್ತಾ ಹೋದರೆ ಅಷ್ಟೇ ಲಾಭ ಸಿಗುತ್ತಾ ಹೋಗುತ್ತದೆ ಅನ್ನೋ ಖಾತ್ರಿ ಇಲ್ಲ. ಇದಕ್ಕೆ ಎದುರು ಸಾಕ್ಷಿಯೂ ಇದೆ. 2005ರಲ್ಲಿ ಅಮೆರಿಕದಲ್ಲಿ 19 ಜನರಿಗೆ ಪ್ರೋಟೀನ್ ಪಾಲನ್ನು 15ರಿಂದ 30%ಗೆ ಏರಿಸಿ, ಹೊಟ್ಟೆಗೆ ಸಾಕೆನಿಸುವಷ್ಟು ತಿನ್ನಿ ಅಂದರು. ಅವರು ತಾವಾಗಿಯೇ ದಿನಕ್ಕೆ ಸುಮಾರು 440 ಕ್ಯಾಲರಿ ಕಡಿಮೆ ತಿಂದರು. 12 ವಾರಕ್ಕೆ ಸರಾಸರಿ 4.9 ಕೆಜಿ ಇಳಿದರು. ಆದರೆ 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 811 ಜನರನ್ನು ಎರಡು ವರ್ಷ ಹಿಂಬಾಲಿಸಿದಾಗ ಚಿತ್ರ ಬೇರೆಯಾಯಿತು. 15% ಪ್ರೋಟೀನ್‌ನವರಿಗೂ 25% ಪ್ರೋಟೀನ್‌ನವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ದಿನ ಕಳೆದಂತೆ ಜನ ತಮ್ಮ ಹಳೆಯ ಊಟದ ಕಡೆಗೇ ವಾಲಿದ್ದರು. ಎರಡು ವರ್ಷ ಬೇರೆಯವರ ತಟ್ಟೆಯಲ್ಲಿ ಉಣ್ಣೋದು ಯಾರಿಂದಲೂ ಆಗುವ ಕೆಲಸವಲ್ಲ. ನಮ್ಮ ಊಟದೊಳಗೇ ದಾರಿ ಹುಡುಕಬೇಕು ಅಂತ ನಾನು ಹಠ ಹಿಡಿಯೋದು ಇದಕ್ಕೇ.

ಇನ್ನು ಅಣ್ಣನ ಮಗನ ಎರಡು ಕೆಜಿ. ಅವನು ಬೆಳಿಗ್ಗೆ ಕುಡಿಯುವ ಆ ಒಂದು ಲೋಟದಲ್ಲೇ ಸುಮಾರು 600 ಕ್ಯಾಲರಿ ಇತ್ತು. ಅದರ ಬದಲಿಗೆ ಏನನ್ನೂ ಬಿಡಲಿಲ್ಲ. ಮೂರು ದೋಸೆಗೆ ಮೊದಲು ಇನ್ನೊಂದು ಊಟ ಸೇರಿಸಿದಂತಾಯಿತು. ಹೀಗೆ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ 2012ರಲ್ಲಿ ಅಮೆರಿಕದ ಲೂಸಿಯಾನಾದಿಂದ ಬಂದ ಅಧ್ಯಯನ ಒಳ್ಳೆಯ ಉತ್ತರ. 25 ಜನರನ್ನು ಒಂದೇ ಕಡೆ ಇರಿಸಿಕೊಂಡು ಎಂಟು ವಾರ ಬೇಕಂತಲೇ ದಿನಕ್ಕೆ ಸುಮಾರು 950 ಕ್ಯಾಲರಿ ಹೆಚ್ಚಿಗೆ ತಿನ್ನಿಸಿದರು. ಒಂದು ಗುಂಪಿಗೆ 5% ಪ್ರೋಟೀನ್, ಇನ್ನೊಂದಕ್ಕೆ 15%, ಮತ್ತೊಂದಕ್ಕೆ 25%. ತಕ್ಕಡಿ ಪ್ರಕಾರ 5% ಗುಂಪು ಏರಿದ್ದು 3 ಕೆಜಿ ಚಿಲ್ಲರೆ. ಉಳಿದ ಎರಡು ಗುಂಪು 6 ಕೆಜಿ ದಾಟಿದವು. ಹಾಗಾದರೆ ಪ್ರೋಟೀನ್ ಕಡಿಮೆ ತಿಂದವರೇ ಗೆದ್ದರಾ? ಇಲ್ಲ. ಮೈಯಲ್ಲಿ ಸೇರಿದ ಕೊಬ್ಬು ಮೂರು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ. ಪ್ರೋಟೀನ್ ಸಿಕ್ಕವರಲ್ಲಿ ಕೊಬ್ಬಿನ ಜೊತೆಗೆ ಕೊಬ್ಬಲ್ಲದ ಮೈತೂಕವೂ ಏರಿತ್ತು. ಸಿಗದವರು ಅದನ್ನು ಮುಕ್ಕಾಲು ಕೆಜಿಯಷ್ಟು ಕಳೆದುಕೊಂಡಿದ್ದರು.

ಈ ಒಂದು ಫಲಿತಾಂಶದಲ್ಲಿ ಇಡೀ ವಿಷಯ ಅಡಗಿದೆ. ಕೊಬ್ಬು ಸೇರುತ್ತದೋ ಇಲ್ಲವೋ ಅನ್ನೋದನ್ನು ತೀರ್ಮಾನಿಸೋದು ಒಟ್ಟು ಎಷ್ಟು ತಿಂದೆವು ಅನ್ನೋದು. ಏರಿದ ಅಥವಾ ಇಳಿದ ತೂಕದಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಅನ್ನೋದರಲ್ಲಿ ಪ್ರೋಟೀನ್‌ನ ಕೈ ಇದೆ. ಬರೀ ತಕ್ಕಡಿ ನೋಡಿದರೆ ಇದು ಕಾಣೋದಿಲ್ಲ. ಹುಡುಗ ದಿನಾ ಭಾರ ಎತ್ತುತ್ತಾನೆ. ಅವನ ಎರಡು ಕೆಜಿಯಲ್ಲಿ ಸ್ವಲ್ಪ ಮಾಂಸಖಂಡವೂ ಇರಬಹುದು. ಸೊಂಟದ ಅಳತೆ ತೆಗೆದುಕೋ, ಅದು ನಿಜ ಹೇಳುತ್ತದೆ ಅಂದೆ.

ಅವ್ವನ ವಿಷಯ ಇದರ ತಲೆಕೆಳಗು. ಊಟ ಬಿಟ್ಟು ತೂಕ ಇಳಿಸಿದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ವಯಸ್ಸಾದವರಲ್ಲಿ ಅದು ಇನ್ನೂ ಸುಲಭವಾಗಿ ಕರಗುತ್ತದೆ, ಮತ್ತೆ ಕಟ್ಟಿಕೊಳ್ಳೋದು ಕಷ್ಟ. ಚಾಪೆಯಿಂದ ಏಳೋಕೆ ಗೋಡೆ ಬೇಕಾಯಿತು ಅಂದರೆ ತೊಡೆಯ ಬಲ ಹೋಗಿದೆ ಅಂತ. ಊಟದ ಸಕ್ಕರೆಯನ್ನು ರಕ್ತದಿಂದ ಎಳೆದುಕೊಳ್ಳುವ ದೊಡ್ಡ ಜಾಗವೂ ಅದೇ ಮಾಂಸಖಂಡ. ಸಕ್ಕರೆ ಕಾಯಿಲೆಗೆ ಹೆದರಿ ಅವ್ವ ಕಳೆದುಕೊಂಡದ್ದು ಆ ಕಾಯಿಲೆಯನ್ನು ದೂರ ಇಡುವ ಮಾಂಸಖಂಡವನ್ನೇ. 2025ರಲ್ಲಿ ನಮ್ಮ ಔಷಧಿ ಅಂಗಡಿಗಳಿಗೆ ಬಂದ ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳಲ್ಲೂ ಇದೇ ಎಚ್ಚರ ಬೇಕು. ಹಸಿವು ಸತ್ತು ಎರಡು ತುತ್ತು ಉಣ್ಣುವವರು ಆ ಎರಡು ತುತ್ತಿನಲ್ಲಿ ಏನಿದೆ ಅಂತ ನೋಡಲೇಬೇಕು.

ನಮ್ಮ ಕಡೆಯವರಿಗೆ ಇದು ಇನ್ನೂ ಮುಖ್ಯ ಯಾಕೆ ಅಂದರೆ, ನಾವು ಹುಟ್ಟುತ್ತಲೇ ಮಾಂಸಖಂಡ ಕಡಿಮೆ ಇರುವ ಜನ. ಇದನ್ನು ಲೋಕಕ್ಕೆ ತೋರಿಸಿದ ಜಾಗಗಳಲ್ಲಿ ಒಂದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿದೆ. ಹೋಲ್ಡ್ಸ್‌ವರ್ತ್ ಮೆಮೊರಿಯಲ್ ಆಸ್ಪತ್ರೆ, ಅಂದರೆ ಎಲ್ಲರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. 1990ರ ದಶಕದ ಕೊನೆಯಲ್ಲಿ ಅಲ್ಲೇ ಶುರುವಾದ ಪಾರ್ಥೆನನ್ ಅಧ್ಯಯನದಲ್ಲಿ ಮೈಸೂರಿನ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿ ನೋಡಿದರು. ನಮ್ಮ ಮಕ್ಕಳು ಎಲ್ಲ ಅಳತೆಯಲ್ಲೂ ಚಿಕ್ಕವು, ತೋಳು ಸಣ್ಣ. ಆದರೆ ಬೆನ್ನ ಮೇಲೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೊಂದು ಕಡಿಮೆ ಇರಲಿಲ್ಲ. ದೊಡ್ಡವಾದ ಮೇಲೂ ಆ ಗುಣ ಉಳಿಯಿತು. ಸಣ್ಣ ಕೈಕಾಲು, ಮುಂದೆ ಬಂದ ಹೊಟ್ಟೆ. ನಮ್ಮ ಮದುವೆ ಫೋಟೋಗಳಲ್ಲಿ ಯಾವ ಸಾಲು ನೋಡಿದರೂ ಕಾಣುವ ಮೈಕಟ್ಟು ಅಲ್ವಾ ಅದು?

ಹಾಗಾದರೆ ನಮ್ಮ ತಟ್ಟೆಯಲ್ಲಿ ಎಷ್ಟು ಪ್ರೋಟೀನ್ ಇದೆ? ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2020ರಲ್ಲಿ ಹೇಳಿದ ಲೆಕ್ಕ, ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ. 60 ಕೆಜಿಯವರಿಗೆ 50 ಗ್ರಾಂ. ನಮ್ಮ ಕಡೆಯ ಒಂದು ಸಾಮಾನ್ಯ ದಿನವನ್ನು ಕೂಡಿಸಿ ನೋಡಿದೆ. ಬೆಳಿಗ್ಗೆ 75 ಗ್ರಾಂ ಅಕ್ಕಿಯ ಚಿತ್ರಾನ್ನ, ಅದರಲ್ಲಿ 6 ಗ್ರಾಂ. ಎರಡು ಕಾಫಿಯ ಹಾಲಿನಲ್ಲಿ 3. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 7, ಮೇಲೆ ಅನ್ನದಲ್ಲಿ 6, ತಿಳಿ ಸಾರಿನ ಹಿಡಿ ಬೇಳೆಯಲ್ಲಿ 3. ಸಂಜೆ ಬಿಸ್ಕತ್ತೋ ಖಾರವೋ, 3. ರಾತ್ರಿ 100 ಗ್ರಾಂ ಅಕ್ಕಿಯ ಅನ್ನದಲ್ಲಿ 8, ಸಾರಿನಲ್ಲಿ 3, ಮೊಸರಿನಲ್ಲಿ 3. ಒಟ್ಟು 42. ಅದರಲ್ಲಿ 27 ಗ್ರಾಂ ಬಂದದ್ದು ಅಕ್ಕಿ, ರಾಗಿಯಿಂದಲೇ.

ಕೊರತೆ 8 ಗ್ರಾಂ. ಇದನ್ನು ಅನ್ನದಿಂದಲೇ ತುಂಬಬೇಕಾದರೆ ಇನ್ನೂ 100 ಗ್ರಾಂ ಅಕ್ಕಿ ಬೇಕು, ಅಂದರೆ 350 ಕ್ಯಾಲರಿ. ಹುರುಳಿಯಿಂದ ತುಂಬಿದರೆ 36 ಗ್ರಾಂ ಸಾಕು, ಸುಮಾರು 120 ಕ್ಯಾಲರಿ. ಮಿಡತೆಯ ಕಥೆ ಇಲ್ಲಿ ನಮ್ಮ ಪಾತ್ರೆಯೊಳಗೇ ಬಂದು ಕೂರುತ್ತದೆ. ಅದೇ ಪ್ರೋಟೀನ್‌ಗಾಗಿ ಅನ್ನದ ದಾರಿಯಲ್ಲಿ ಹೋದರೆ ಮೂರು ಪಟ್ಟು ಕ್ಯಾಲರಿ ಹೊರಬೇಕು.

ತೂಕ ಇಳಿಸೋರು ಮೊದಲು ಮುದ್ದೆ ಬಿಡುತ್ತಾರೆ. ತಪ್ಪು ಮುದ್ದೆಯದು ಅಂತ ನಾನು ಒಪ್ಪೋದಿಲ್ಲ. ರಾಗಿಯಲ್ಲಿ ಪ್ರೋಟೀನ್ ಅಕ್ಕಿಗಿಂತ ಚೂರು ಕಡಿಮೆಯೇ. ಆದರೆ ಪ್ರೋಟೀನ್ ಅನ್ನೋದು ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದ ಕಟ್ಟಿದ್ದು. ಅವುಗಳಲ್ಲಿ ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ರಾಗಿಯಲ್ಲಿ ಚೆನ್ನಾಗಿದೆ. ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿದೆ. ಮುದ್ದೆಗೆ ಹುರುಳಿ ಸಾರು, ಮುದ್ದೆಗೆ ಅವರೆಕಾಳು ಸಾರು ಅಂತ ಜೋಡಿ ಮಾಡಿದವರು ಈ ಹೆಸರು ಕೇಳಿರಲಿಲ್ಲ. ಜೋಡಿ ಸರಿಯಾಗಿಯೇ ಇತ್ತು. ಕೆಟ್ಟದ್ದು ಸಾರು. ಮುದ್ದೆ ಇದ್ದ ಹಾಗೇ ಇದೆ, ಅದರ ಪಕ್ಕದ ಸಾರು ತೆಳ್ಳಗಾಗಿದೆ.

ಯಾಕೆ ಹೀಗಾಯಿತು ಅಂದರೆ ಹೊಲದಿಂದ ಶುರು ಮಾಡಬೇಕು. ಒಂದು ಕಾಲಕ್ಕೆ ಮಂಡ್ಯ ಬೆದ್ದಲು ಸೀಮೆ. ರಾಗಿ ಜೊತೆ ಅವರೆ, ತೊಗರಿ ಸಾಲು, ಹಿಂದೆ ಹುರುಳಿ. 1930ರ ದಶಕದಲ್ಲಿ ಕೆಆರ್‌ಎಸ್ ನೀರು ಆಗ ಇರ್ವಿನ್ ನಾಲೆ ಅಂತಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಹೊಲ ಗದ್ದೆಯಾಯಿತು. ಭತ್ತ, ಕಬ್ಬು ಬಂದವು. ಬಡತನ ಕಳೆದ ನೀರು ಅದು, ಅದರ ಮೇಲೆ ನನಗೆ ದೂರಿಲ್ಲ. ಆದರೆ ಕಾಳು ಅಂಗಡಿಯಿಂದ ಕೊಳ್ಳುವ ಸಾಮಾನಾಯಿತು. ಕೊಳ್ಳುವ ಸಾಮಾನನ್ನು ಕೈ ಬಿಗಿ ಹಿಡಿದೇ ಹಾಕುತ್ತೇವೆ. ಅನ್ನದ ಚಟ್ಟಿ ದೊಡ್ಡದಾಯಿತು, ಸಾರಿಗೆ ನೀರು ಜಾಸ್ತಿಯಾಯಿತು. 2025ರಲ್ಲಿ ಬಂದ ಐಸಿಎಂಆರ್‌ನ ದೇಶವ್ಯಾಪಿ ಸಮೀಕ್ಷೆ ಹೇಳಿದ್ದೂ ಇದನ್ನೇ. ನಮ್ಮ ಕ್ಯಾಲರಿಯಲ್ಲಿ ಸುಮಾರು 62% ಪಿಷ್ಟ, ಸಕ್ಕರೆಯಿಂದ ಬರುತ್ತದೆ. ಪ್ರೋಟೀನ್‌ನಿಂದ ಬರೋದು ಸುಮಾರು 12%.

ಇಲ್ಲಿ ಬಸ್ಸಾರಿನ ಮಾತು ಹೇಳಲೇಬೇಕು. ಕಾಳು, ಸೊಪ್ಪು ಬೇಯಿಸಿ ನೀರು ಬಸಿಯುತ್ತೇವೆ. ಒಂದು ಹಿಡಿ ಕಾಳನ್ನು ಮಸಾಲೆ ಜೊತೆ ರುಬ್ಬಿ, ಆ ಬಸಿದ ನೀರಿಗೆ ಹಾಕಿ ಸಾರು ಮಾಡುತ್ತೇವೆ. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ರುಚಿ ಎಲ್ಲ ಸಾರಿನಲ್ಲಿ. ಪ್ರೋಟೀನ್‌ನ ದೊಡ್ಡ ಪಾಲು ಮಾತ್ರ ಪಲ್ಯದಲ್ಲಿ. ನಮ್ಮನೆಯಲ್ಲಿ ಪಲ್ಯ ಮೊದಲು ಹೋಗುತ್ತಿದ್ದದ್ದು ಗದ್ದೆಯಿಂದ ಬಂದ ಅಪ್ಪನಿಗೆ, ಆಮೇಲೆ ಅಣ್ಣಂದಿರಿಗೆ. ಎಲ್ಲರೂ ಎದ್ದ ಮೇಲೆ ಅವ್ವ ಕೂರುತ್ತಿದ್ದಳು. ಒಂದು ಮುದ್ದೆ, ತಟ್ಟೆ ತುಂಬ ಸಾರು, ಬಾಣಲೆ ತಳಕ್ಕೆ ಅಂಟಿದ ನಾಲ್ಕು ಕಾಳು. ನಲವತ್ತು ವರ್ಷ ಹಾಗೇ ಉಂಡಿದ್ದಾಳೆ. ಅವಳ ತೊಡೆಯ ಬಲದ ಲೆಕ್ಕ ಈ ಆರು ತಿಂಗಳಲ್ಲಿ ಮಾತ್ರ ಶುರುವಾದದ್ದಲ್ಲ. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಂತ ಪ್ರೋಟೀನ್ ಪ್ರೋಟೀನ್ ಅಂತ ಊರೆಲ್ಲ ಕೂಗುವಾಗ ಸ್ವಲ್ಪ ನಿಂತು ಯೋಚಿಸಬೇಕು ಕೂಡ. ಈ ಕೂಗು ಮೈಸೂರಿಗೆ ಹೊಸದಲ್ಲ. 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಶುರುವಾಯಿತು. ಅಲ್ಲಿನ ವಿಜ್ಞಾನಿಗಳು ಎಣ್ಣೆ ತೆಗೆದ ಕಡ್ಲೆಬೀಜದ ಹಿಟ್ಟು, ಕಡಲೆಹಿಟ್ಟು ಸೇರಿಸಿ ಬಡವರಿಗಾಗಿ ಪ್ರೋಟೀನ್ ಆಹಾರ ಮಾಡಿದರು. ಕಡ್ಲೆಬೀಜದ ಪ್ರೋಟೀನ್ ಬೆರೆಸಿದ ಹಾಲನ್ನೂ ಮಾಡಿದರು. ಆಗ ಲೋಕವೆಲ್ಲ ಪ್ರೋಟೀನ್ ಕೊರತೆಯ ಭಯದಲ್ಲಿತ್ತು. ಆದರೆ ಸಿ. ಗೋಪಾಲನ್, ಪಿ.ವಿ. ಸುಖಾತ್ಮೆಯವರಂಥ ವಿಜ್ಞಾನಿಗಳು ಬೇರೆ ಮಾತು ಹೇಳಿದರು. ನಮ್ಮ ಬಡ ಮಕ್ಕಳಿಗೆ ಮೊದಲು ಕಡಿಮೆಯಾಗಿರುವುದು ಹೊಟ್ಟೆ ತುಂಬ ಊಟ. ಅದು ಸಿಕ್ಕರೆ ಅಕ್ಕಿಬೇಳೆಯಲ್ಲೇ ಪ್ರೋಟೀನ್ ಬಹುಮಟ್ಟಿಗೆ ಸಿಗುತ್ತದೆ ಅಂದರು. ಅವತ್ತಿಗೆ ಅವರ ಮಾತು ಸರಿಯಿತ್ತು. ಇವತ್ತು ಹೊಟ್ಟೆ ತುಂಬುವ ಮನೆಗಳು ಜಾಸ್ತಿಯಾಗಿವೆ, ಮೈ ಬಗ್ಗಿಸುವ ಕೆಲಸ ಕಡಿಮೆಯಾಗಿದೆ. ಕರ್ನಾಟಕದ ಹತ್ತು ದೊಡ್ಡವರಲ್ಲಿ ಮೂವರ ತೂಕ ಹೆಚ್ಚಿದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಹಿಂದೆ ಪ್ರಶ್ನೆ ತಟ್ಟೆ ತುಂಬುತ್ತದಾ ಅನ್ನೋದಾಗಿತ್ತು. ಈಗಿನ ಪ್ರಶ್ನೆ ತುಂಬಿದ ತಟ್ಟೆಯಲ್ಲಿ ಯಾವುದಕ್ಕೆ ಎಷ್ಟು ಜಾಗ ಅನ್ನೋದು.

ಪುಡಿ ಡಬ್ಬದ ಬಗ್ಗೆ ಹೆಚ್ಚು ಹೇಳೋದಿಲ್ಲ. 2024ರಲ್ಲಿ ನಮ್ಮ ದೇಶದ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು 70%ರಲ್ಲಿ ಡಬ್ಬದ ಮೇಲೆ ಬರೆದ ಪ್ರೋಟೀನ್ ಲೆಕ್ಕ ತಪ್ಪಿತ್ತು. ಅದೇ ವರ್ಷದ ಐಸಿಎಂಆರ್ ಮಾರ್ಗಸೂಚಿ ಮೈ ಬೆಳೆಸೋಕೆ ಪುಡಿ ಬೇಡ ಅಂತಲೇ ಹೇಳಿದೆ. ಅಣ್ಣನ ಮಗ ಈಗ ಹಾಲನ್ನು ಒಂದು ಲೋಟಕ್ಕೆ ಇಳಿಸಿದ್ದಾನೆ. ಪುಡಿ ಮುಗಿದ ಮೇಲೆ ತರೋದಿಲ್ಲ ಅಂದಿದ್ದಾನೆ. ಬೆಳಿಗ್ಗೆ ಮೂರು ದೋಸೆ ಬದಲು ಒಂದೂವರೆ ದೋಸೆ, ಎರಡು ಮೊಟ್ಟೆ. ಎರಡು ಮೊಟ್ಟೆಯಲ್ಲಿ 12 ಗ್ರಾಂ, 140 ಕ್ಯಾಲರಿ. ಮೊಟ್ಟೆ ತಿನ್ನದ ಮನೆಯಲ್ಲಿ ಹೆಸರುಕಾಳು ಉಸ್ಲಿ ಆ ಕೆಲಸ ಮಾಡುತ್ತದೆ. ಕಡ್ಲೆಬೀಜದಲ್ಲೂ ಪ್ರೋಟೀನ್ ಚೆನ್ನಾಗಿದೆ. ಆದರೆ ಎಣ್ಣೆ ಅದಕ್ಕಿಂತ ಜಾಸ್ತಿ ಇದೆ, ಹಿಡಿ ದಾಟಬಾರದು. ಭಾನುವಾರದ ಬಾಡೂಟದಲ್ಲಿ ಸಾರಿನ ಮೇಲೆ ತೇಲುವ ಎಣ್ಣೆ ಬಿಟ್ಟು ತುಂಡು ಹಾಕಿಸಿಕೋ ಅಂತಲೂ ಹೇಳಿದೆ.

ಅವ್ವನಿಗೆ 52 ಕೆಜಿ. 65 ದಾಟಿದವರಿಗೆ ಕೆಜಿಗೆ 1ರಿಂದ 1.2 ಗ್ರಾಂ ಒಳ್ಳೆಯದು ಅಂತ ವೃದ್ಧಾಪ್ಯದ ತಜ್ಞರು ಹೇಳುತ್ತಾರೆ. ಹಾಗೆ ನೋಡಿದರೆ ಅವಳಿಗೆ ದಿನಕ್ಕೆ 52ರಿಂದ 62 ಗ್ರಾಂ. ಜಾಸ್ತಿ ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿದೆವು. ಸಕ್ಕರೆಯೂ ನೋಡಿದರು, ಮೂತ್ರಪಿಂಡವೂ ಸರಿ ಇದೆ ಅಂದರು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಲೇಬಾರದು. ರಾತ್ರಿ ಊಟ ಮತ್ತೆ ಶುರುವಾಗಿದೆ. ಚಿಕ್ಕ ಮುದ್ದೆ, ಗಟ್ಟಿ ಕಾಳು ಸಾರು, ಒಂದು ಲೋಟ ಮಜ್ಜಿಗೆ. ದಿನಾ ಬೆಳಿಗ್ಗೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುತ್ತಾಳೆ. ಬರೀ ತಿಂದರೆ ಮಾಂಸಖಂಡ ಕಟ್ಟೋದಿಲ್ಲ, ಅದಕ್ಕೆ ಕೆಲಸವೂ ಬೇಕು.

ಪಲ್ಯ ಈಗ ಅವಳ ತಟ್ಟೆಗೆ ಮೊದಲು ಬೀಳುತ್ತದೆ. ಅತ್ತಿಗೆಗೆ ಹೇಳಿದ್ದೇನೆ. ಅವ್ವನಿಗೆ ಇನ್ನೂ ಒಂದೇ ಅನುಮಾನ. "ಇಷ್ಟೊಂದು ಕಾಳು ತಿಂದ್ರೆ ವಾಯು ಆಗಲ್ವೇನೇ?" ಒಂದೇ ಸಲ ಜಾಸ್ತಿ ಮಾಡಿದರೆ ಆಗುತ್ತದೆ. ಅದಕ್ಕೇ ಮೊದಲ ವಾರ ಒಂದು ಸೌಟು, ಆಮೇಲೆ ಒಂದೂವರೆ. ಹುರುಳಿಯನ್ನು ರಾತ್ರಿ ನೆನೆಸಿ, ನೆನೆಸಿದ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಸಂಜೆಗೆ ಮೊಳಕೆ ಕಾಣುತ್ತದೆ. ಮೊಳಕೆ ಬಂದ ಕಾಳು ಬೇಗ ಬೇಯುತ್ತದೆ, ಸುಲಭವಾಗಿ ಅರಗುತ್ತದೆ. ಕೈತುಂಬ ಬೆಳ್ಳುಳ್ಳಿ, ಸ್ವಲ್ಪ ಇಂಗು ಹಾಕಿ ಅಂದೆ. "ಅದನ್ನ ನೀನು ನಂಗೆ ಹೇಳ್ಕೊಡ್ತೀಯಾ?" ಅಂತ ನಕ್ಕಳು. ನಿನ್ನೆ ಫೋನ್‌ನಲ್ಲಿ ಹುರುಳಿ ನೆನೆ ಹಾಕಿದ್ದೀನಿ ಅಂದಳು. ಒಂದು ಪಾವು.